ಯಂತ್ರಕ್ಕಿಂತ ಮೊದಲು ಪ್ರಶ್ನೆ

ಬಿಎಸ್ಸಿ ಮುಗಿಸುವ ಹೊತ್ತಿಗೆ ನಮ್ಮ ಕೋಲಾರ ಸೀಮೆಯ ಹುಡುಗ ಹುಡುಗಿಯರು ಕೇಳುವ ಪ್ರಶ್ನೆಗಳಿಗೆ ಈಚೆಗೆ ಹೊಸದೊಂದು ಸೇರಿಕೊಂಡಿದೆ: "ಎಂಆರ್‌ಐ ಮೇಲೆ ಸಂಶೋಧನೆ ಮಾಡಬೇಕು ಸರ್, ದೊಡ್ಡ ಯಂತ್ರ ಎಲ್ಲಿದೆ ಹೇಳಿ, ಅಲ್ಲಿಗೇ ಅರ್ಜಿ ಹಾಕ್ತೀನಿ." ಮಾಲೂರಿನವರೂ ಕೇಳುತ್ತಾರೆ, ಮುಳಬಾಗಿಲು, ಶ್ರೀನಿವಾಸಪುರದವರೂ ಕೇಳುತ್ತಾರೆ. ಇದೇ ಕೆಲಸದಲ್ಲಿ ತಲೆ ನರೆಸಿಕೊಂಡ ನನಗೆ ಈ ಮಾತು ಕೇಳಿದರೆ ಖುಷಿಯಾಗುತ್ತದೆ. ಆದರೂ ಅದನ್ನು ಸ್ವಲ್ಪ ತಿದ್ದಬೇಕು ಅನ್ನಿಸುತ್ತದೆ. ಯಂತ್ರ ಆಮೇಲೆ ನೋಡೋಣ. ನಿಮ್ಮ ಪ್ರಶ್ನೆ ಯಾವುದು, ಅದನ್ನು ಮೊದಲು ಹೇಳಿ.

ಹೀಗೆ ಹೇಳುವುದಕ್ಕೆ ಬೆಂಗಳೂರಿನಲ್ಲೇ ಸಾಕ್ಷಿಯಿದೆ. ಪರಮಾಣು ಬೀಜಗಳ ಕಾಂತೀಯ ಅನುರಣನವನ್ನು (ಎನ್‌ಎಂಆರ್) ಅಮೆರಿಕದ ಫೆಲಿಕ್ಸ್ ಬ್ಲಾಕ್ ಮತ್ತು ಎಡ್ವರ್ಡ್ ಪರ್ಸೆಲ್ ತಂಡಗಳು ಬೇರೆಬೇರೆಯಾಗಿ ಪ್ರಕಟಿಸಿದ್ದು 1946ರಲ್ಲಿ. ಐದೇ ವರ್ಷಕ್ಕೆ, ಅವರಿಬ್ಬರಿಗೆ ನೊಬೆಲ್ ಬರುವುದಕ್ಕೂ ಒಂದು ವರ್ಷ ಮೊದಲು, 1951ರಲ್ಲಿ ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯ, ಜಿ. ಸೂರ್ಯನ್ ಒಂದು ಲೇಖನ ಪ್ರಕಟಿಸಿದರು. ಅವರ ಪ್ರಶ್ನೆ ಇಷ್ಟೇ: ಕಾಂತದ ನಡುವೆ ಇಟ್ಟ ನೀರು ಸುಮ್ಮನೆ ನಿಂತಿರುವ ಬದಲು ಹರಿಯುತ್ತಿದ್ದರೆ ಸಂಕೇತ ಏನಾಗುತ್ತದೆ? ನಿಂತ ನೀರಿನ ಮೇಲೆ ರೇಡಿಯೊ ಅಲೆ ಬಿಡುತ್ತಲೇ ಇದ್ದರೆ ಅದರ ಪ್ರೋಟಾನುಗಳು ಹೀರುವಷ್ಟು ಹೀರಿ ಸುಸ್ತಾಗುತ್ತವೆ, ಸಂಕೇತ ಕುಗ್ಗುತ್ತದೆ. ಹರಿಯುವ ನೀರಿನಲ್ಲಿ ಸುಸ್ತಾದವು ಮುಂದೆ ಹೋಗಿ ಹೊಸವು ಬರುತ್ತಿರುತ್ತವೆ, ಸಂಕೇತ ಏರುತ್ತದೆ. ಅದನ್ನು ಅವರು ಅಳೆದು ತೋರಿಸಿದರು. ಲೇಖನ ಅಚ್ಚಾದದ್ದು ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್‌ನ ಪತ್ರಿಕೆಯಲ್ಲಿ, ಅದೂ ಬೆಂಗಳೂರಿನದೇ.

ಇವತ್ತು ಯಾವುದೇ ದೊಡ್ಡ ಆಸ್ಪತ್ರೆಯಲ್ಲಿ ಮಿದುಳಿನ ರಕ್ತನಾಳಗಳ ಚಿತ್ರ ತೆಗೆಯುವಾಗ ಸೂಜಿ ಚುಚ್ಚದೆ, ಬಣ್ಣದ ಔಷಧ ಬಿಡದೆ ಎಂಆರ್ ಆಂಜಿಯೋಗ್ರಫಿ ಮಾಡುವುದುಂಟು. ಅಕ್ಕಪಕ್ಕದ ಅಂಗಾಂಶ ರೇಡಿಯೊ ಅಲೆ ಹೀರಿ ಮಂಕಾಗಿರುತ್ತದೆ, ಆಗತಾನೆ ಒಳಗೆ ಹರಿದು ಬಂದ ರಕ್ತ ಬೆಳ್ಳಗೆ ಹೊಳೆಯುತ್ತದೆ. ಸೂರ್ಯನ್ ಅಳೆದದ್ದೂ ಇದನ್ನೇ. ಅವರ ಕಾಲದಲ್ಲಿ ಎಂಆರ್‌ಐ ಎಂಬುದೇ ಇರಲಿಲ್ಲ. ಕೈಯಲ್ಲಿದ್ದದ್ದು ಒಂದು ಕಾಂತ, ಒಂದು ಕೊಳವೆ, ನೀರು, ಮತ್ತು ಸರಿಯಾಗಿ ಕೇಳಿದ ಒಂದು ಪ್ರಶ್ನೆ.

ಪ್ರಶ್ನೆ ಕೇಳಬೇಕಾದರೆ ವಿಷಯದ ಬುಡ ಗೊತ್ತಿರಬೇಕಲ್ಲ, ಆದ್ದರಿಂದ ಬುಡದಿಂದಲೇ ಬನ್ನಿ. ನಮ್ಮ ಮೈಯ ನೀರು ಮತ್ತು ಕೊಬ್ಬಿನಲ್ಲಿರುವ ಹೈಡ್ರೋಜನ್ನಿನ ಬೀಜ, ಅಂದರೆ ಪ್ರೋಟಾನು, ಕಾಂತಕ್ಷೇತ್ರದೊಳಗೆ ಹೋದಾಗ ಬುಗುರಿಯ ಹಾಗೆ ತಲೆ ತೂಗುತ್ತಾ ತಿರುಗುತ್ತದೆ. ಎಷ್ಟು ವೇಗ ಎಂಬುದಕ್ಕೆ ಲೆಕ್ಕ ಪಕ್ಕಾ: 1 ಟೆಸ್ಲಾಕ್ಕೆ ಸೆಕೆಂಡಿಗೆ 4 ಕೋಟಿ 25 ಲಕ್ಷ ಸುತ್ತಿಗೂ ಹೆಚ್ಚು, 42.58 ಮೆಗಾಹರ್ಟ್ಸ್. ಆಸ್ಪತ್ರೆಯ 1.5 ಟೆಸ್ಲಾ ಯಂತ್ರದಲ್ಲಿ 64, 3 ಟೆಸ್ಲಾದಲ್ಲಿ 128 ಮೆಗಾಹರ್ಟ್ಸ್ ಆಸುಪಾಸು. ಅದೇ ವೇಗದ ರೇಡಿಯೊ ಅಲೆ ತಾಗಿಸಿದರೆ ಮಾತ್ರ ಪ್ರೋಟಾನು ಓಗೊಡುತ್ತದೆ. ಕಾಂತಕ್ಷೇತ್ರವನ್ನು ಜಾಗದಿಂದ ಜಾಗಕ್ಕೆ ಚೂರುಚೂರೇ ಬದಲಿಸಿಟ್ಟರೆ ಓಗೊಟ್ಟ ವೇಗದಿಂದಲೇ ಆ ಪ್ರೋಟಾನು ಎಲ್ಲಿದೆ ಎಂದು ತಿಳಿಯುತ್ತದೆ. ಇದೇ ಎಂಆರ್‌ಐ. ಎಲ್ಲಿದೆ ಎಂಬುದರ ಜೊತೆಗೆ ಯಾವ ಅಣುವಿನಲ್ಲಿ ಕೂತಿದೆ ಎಂದೂ ಕೇಳಿದರೆ ಅದು ಸ್ಪೆಕ್ಟ್ರೋಸ್ಕೋಪಿ. ಚಿತ್ರದ ಬದಲು ರೋಹಿತ ಎಂಬ ಏರಿಳಿತದ ಒಂದು ಗೆರೆ ಸಿಗುತ್ತದೆ, ಅದರ ಒಂದೊಂದು ಶಿಖರಕ್ಕೂ ಒಂದು ರಾಸಾಯನಿಕದ ಹೆಸರು.

ಆ ಗೆರೆಯ ಇತಿಹಾಸದಲ್ಲೂ ಒಬ್ಬ ಭಾರತೀಯರ ಹೆಸರಿದೆ. ಸ್ಟ್ಯಾನ್‌ಫರ್ಡ್‌ನಲ್ಲಿ ಅರ್ನಾಲ್ಡ್, ಪ್ಯಾಕರ್ಡ್ ಜೊತೆ ಎಸ್. ಎಸ್. ಧರ್ಮಟ್ಟಿ 1951ರಲ್ಲಿ ತೋರಿಸಿದ್ದು ಎಥೈಲ್ ಆಲ್ಕೋಹಾಲಿನ ಮೂರು ಶಿಖರಗಳನ್ನು. ಒಂದೇ ಅಣುವಿನಲ್ಲಿ ಮೂರು ಬಗೆಯ ಹೈಡ್ರೋಜನ್, ಶಿಖರಗಳ ಅಳತೆ 1, 2, 3ರ ಪ್ರಮಾಣದಲ್ಲಿ. ರಸಾಯನ ವಿಜ್ಞಾನದ ವಿದ್ಯಾರ್ಥಿಗಳು ಇವತ್ತಿಗೂ ಮೊದಲು ಕಲಿಯುವ ರೋಹಿತ ಅದೇ. ಆಮೇಲೆ ಧರ್ಮಟ್ಟಿ ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ (ಟಿಐಎಫ್‌ಆರ್) ಬಂದು ಅಲ್ಲಿ ಈ ವಿದ್ಯೆಗೆ ತಳಪಾಯ ಹಾಕಿದರು.

ಇನ್ನು ಈ ಕೆಲಸದ ಕಷ್ಟಕ್ಕೆ ಬರುತ್ತೇನೆ. 1.5 ಟೆಸ್ಲಾ ಕಾಂತ ಭೂಮಿಯ ಕಾಂತಕ್ಷೇತ್ರಕ್ಕಿಂತ ಮೂವತ್ತು ಸಾವಿರ ಪಟ್ಟಿಗೂ ಮಿಗಿಲಾಗಿ ಬಲವಾದದ್ದು. ಅಷ್ಟು ದೊಡ್ಡ ಕಾಂತದೊಳಗೂ ಪ್ರೋಟಾನುಗಳು ಸರಿಸುಮಾರು ಅರ್ಧ ಈ ಕಡೆ, ಅರ್ಧ ಆ ಕಡೆ ಮುಖ ಮಾಡಿ ಒಂದನ್ನೊಂದು ಅಳಿಸಿಹಾಕುತ್ತವೆ. ಹತ್ತು ಲಕ್ಷಕ್ಕೆ ಐದರಷ್ಟು ಮಾತ್ರ ಮಿಕ್ಕುತ್ತವೆ. ನೀವು ನೋಡುವ ಎಲ್ಲ ಎಂಆರ್‌ಐ ಚಿತ್ರವೂ ಆ ಐದರಿಂದ ಬಂದದ್ದು. ಸ್ಪೆಕ್ಟ್ರೋಸ್ಕೋಪಿಯಲ್ಲಿ ಕಥೆ ಇನ್ನೂ ಬಡವಾಗುತ್ತದೆ, ಮಿದುಳಿನಲ್ಲಿ ನಾವು ಹುಡುಕುವ ರಾಸಾಯನಿಕಗಳು ನೀರಿಗಿಂತ ಸಾವಿರಾರು ಪಟ್ಟು ಕಡಿಮೆ. ಹಾಗಾಗಿ ಒಂದೇ ಅಳತೆಯನ್ನು ಮತ್ತೆ ಮತ್ತೆ ಮಾಡಿ ಕೂಡಿಸಬೇಕು. ಹನಿ ಹನಿ ಕೂಡಿದರೆ ಹಳ್ಳ ಅನ್ನುವುದು ಸರಿ, ಆದರೆ ಇಲ್ಲಿ ಹಳ್ಳ ತುಂಬುವ ಲೆಕ್ಕ ಜಿಪುಣವಾದದ್ದು. ಸಂಕೇತ ಗದ್ದಲಕ್ಕಿಂತ ಎರಡು ಪಟ್ಟು ಸ್ಪಷ್ಟವಾಗಬೇಕಾದರೆ ನಾಲ್ಕು ಪಟ್ಟು ಹೊತ್ತು ಬೇಕು. ನಾಲ್ಕು ಪಟ್ಟು ಸ್ಪಷ್ಟವಾಗಲು ಹದಿನಾರು ಪಟ್ಟು. ಯಂತ್ರದೊಳಗೆ ಮಲಗಿರುವವರು ಕಾಯಿಲೆ ಬಿದ್ದವರು, ಅವರನ್ನು ಅಷ್ಟು ಹೊತ್ತು ಮಲಗಿಸುವಂತಿಲ್ಲ. ತಾಳ್ಮೆ ಬೇಕು ಎಂದು ಎಲ್ಲರೂ ಹೇಳುತ್ತಾರೆ. ನಾನು ಹೇಳುವುದು, ತಾಳ್ಮೆಗೂ ಮೊದಲೇ ಲೆಕ್ಕ ಹಾಕಿ. ಎಷ್ಟು ಹೊತ್ತಿಗೆ ಏನು ಸಿಗುತ್ತದೆ, ಸಿಗುವುದೇ ಇಲ್ಲದ್ದು ಯಾವುದು ಎಂದು ಕಾಗದದ ಮೇಲೆ ಬರೆದುಕೊಂಡು ಆಮೇಲೆ ಯಂತ್ರದ ಹತ್ತಿರ ಹೋಗಿ.

ಗದ್ದಲದ ವಿಷಯ ಕೋಲಾರದವರಿಗೆ ಹೊಸದಲ್ಲ. 1965ರಲ್ಲಿ ಕೆಜಿಎಫ್‌ನ ಚಿನ್ನದ ಗಣಿಯಲ್ಲಿ, ನೆಲದಿಂದ ಎರಡು ಕಿಲೋಮೀಟರಿಗೂ ಆಳದಲ್ಲಿ, ನಮ್ಮ ಟಿಐಎಫ್‌ಆರ್, ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಾಂ ವಿಜ್ಞಾನಿಗಳು ವಾಯುಮಂಡಲದ ನ್ಯೂಟ್ರಿನೊ ಗುರುತಿಸಿದರು. ಅಷ್ಟು ಆಳಕ್ಕೆ ಇಳಿದದ್ದು ಯಾಕೆ? ಮೇಲಿನ ವಿಶ್ವಕಿರಣಗಳ ಗದ್ದಲವನ್ನು ಬಂಡೆ ತಡೆಯಲಿ ಎಂದು. ಎಂಆರ್‌ಐ ಕೋಣೆಯ ಗೋಡೆ, ಚಾವಣಿ, ಬಾಗಿಲಿಗೆಲ್ಲ ತಾಮ್ರ ಹೊದಿಸುವುದೂ ಇದೇ ಕಾರಣಕ್ಕೆ. 64 ಮತ್ತು 128ರ ನಡುವೆಯೇ ಎಫ್‌ಎಂ ರೇಡಿಯೊದ 88ರಿಂದ 108 ಮೆಗಾಹರ್ಟ್ಸ್ ಕೂತಿದೆ, ಸುತ್ತಮುತ್ತ ಇನ್ನೂ ಎಷ್ಟೋ ಪ್ರಸಾರಗಳಿವೆ. ಸಂಶೋಧನೆಯ ಅರ್ಧ ಪಾಲು ಬೇಕಾದ್ದನ್ನು ಕೇಳುವುದು, ಇನ್ನರ್ಧ ಬೇಡದ್ದನ್ನು ಹೊರಗಿಡುವುದು. ಎರಡನೆಯದಕ್ಕೆ ಯಾರೂ ಪ್ರಶಸ್ತಿ ಕೊಡುವುದಿಲ್ಲ, ಆದರೆ ಅದಿಲ್ಲದೆ ಮೊದಲನೆಯದು ನಡೆಯುವುದಿಲ್ಲ.

ಬೇಡದ್ದು ಹೊರಗಿನಿಂದಲೇ ಬರುತ್ತದೆ ಅಂದುಕೊಳ್ಳಬೇಡಿ. ಒಂದು ಉದಾಹರಣೆ ಹತ್ತಿರದಿಂದ ನೋಡಿ. ಮಿದುಳಿನ ಒಂದು ಗಡ್ಡೆಯ ಮೇಲೆ ಎರಡು ಸೆಂಟಿಮೀಟರ್ ಚೌಕದ ಪೆಟ್ಟಿಗೆ ಗುರುತು ಹಾಕಿ ರೋಹಿತ ತೆಗೆಯುತ್ತೀರಿ. ರೋಹಿತದ ಪಿಪಿಎಂ ಅಳತೆಪಟ್ಟಿಯ 4.7ರಲ್ಲಿ ಗುಡ್ಡದಂತೆ ನಿಲ್ಲುವ ನೀರಿನ ಶಿಖರವನ್ನು ಮೊದಲು ಅಡಗಿಸುತ್ತೀರಿ. ಆಗ ಚಿಕ್ಕವು ತಲೆಯೆತ್ತುತ್ತವೆ: 3.2ರಲ್ಲಿ ಕೋಲೀನ್, 3.0ರಲ್ಲಿ ಕ್ರಿಯಾಟಿನ್, 2.0ರಲ್ಲಿ ನರಕೋಶಗಳ ಆರೋಗ್ಯ ಹೇಳುವ ಎನ್‌ಎಎ. ಅದರಾಚೆ 1.3ರಲ್ಲಿ ಒಂದು ಉಬ್ಬು. ಲ್ಯಾಕ್ಟೇಟ್! ಜೀವಕೋಶಗಳು ಆಮ್ಲಜನಕ ಸಾಲದೆ ಒದ್ದಾಡುತ್ತಿವೆ ಎನ್ನುವ ಗುರುತು, ಒಳ್ಳೆಯ ಲೇಖನಕ್ಕೆ ಒಳ್ಳೆಯ ಸಾಮಗ್ರಿ. ಸ್ವಲ್ಪ ತಡೆಯಿರಿ. ನೆತ್ತಿಯ ಚರ್ಮದ ಕೆಳಗಿನ ಕೊಬ್ಬೂ ಅಲ್ಲೇ ಉಬ್ಬುತ್ತದೆ. ಪೆಟ್ಟಿಗೆಯ ಅಂಚು ಒಂದಿಷ್ಟು ಆಚೆ ಹೋಗಿದ್ದರೆ, ರೋಗಿ ತಲೆ ಅಲುಗಿಸಿದ್ದರೆ, ನೀವು ಕಂಡದ್ದು ಬರೀ ಕೊಬ್ಬು. ಪರೀಕ್ಷಿಸುವ ದಾರಿ ಇದೆ. ಲ್ಯಾಕ್ಟೇಟ್ ಶಿಖರ ಎರಡಾಗಿ ಸೀಳಿರುತ್ತದೆ, ನಡುವಿನ ಅಂತರ ಸುಮಾರು 7 ಹರ್ಟ್ಸ್. ಪ್ರತಿಧ್ವನಿ ಕೇಳುವ ಹೊತ್ತನ್ನು 144 ಮಿಲಿಸೆಕೆಂಡಿಗೆ ಇಟ್ಟರೆ ಅದು ತಲೆಕೆಳಗಾಗುತ್ತದೆ, 288ಕ್ಕೆ ಇಟ್ಟರೆ ಮತ್ತೆ ನೆಟ್ಟಗೆ ನಿಲ್ಲುತ್ತದೆ. ಕೊಬ್ಬು ಹಾಗೆ ಮಾಡುವುದಿಲ್ಲ, ಅಷ್ಟು ಹೊತ್ತಿಗೆ ಬಹುಪಾಲು ಕರಗಿಹೋಗಿರುತ್ತದೆ. ಹತ್ತು ನಿಮಿಷದ ಹೆಚ್ಚುವರಿ ಕೆಲಸ. ನಿಮಗೆ ಇಷ್ಟವಾದ ಫಲಿತಾಂಶವನ್ನೇ ಮೊದಲು ಅನುಮಾನಿಸಿ, ಇಷ್ಟವಾಗದ್ದನ್ನು ಅನುಮಾನಿಸಲು ಯಾರೂ ಕಲಿಸಬೇಕಾಗಿಲ್ಲ.

ಗಣಿತವನ್ನು ಬಿಡಬೇಡಿ. ಯಂತ್ರದ ಗುಂಡಿ ಒತ್ತುವುದು ಒಂದು ವಾರದಲ್ಲಿ ಬರುತ್ತದೆ, ಫೂರಿಯೆ ರೂಪಾಂತರ ಮೈಗೂಡಲು ವರ್ಷ ಹಿಡಿಯುತ್ತದೆ. ಆದರೆ ಎಂಆರ್‌ಐ ನಿಂತಿರುವುದೇ ಅದರ ಮೇಲೆ. ಪಾಲ್ ಲಾಟರ್‌ಬರ್ 1973ರಲ್ಲಿ ನೀರು ತುಂಬಿದ ಎರಡು ಸಣ್ಣ ಕೊಳವೆಗಳ ಮೊದಲ ಚಿತ್ರ ಪ್ರಕಟಿಸಿದರು. ಬೇರೆಬೇರೆ ಕೋನಗಳಿಂದ ತೆಗೆದ ನೆರಳುಗಳನ್ನು ಸೇರಿಸಿ ಮಾಡಿದ ಚಿತ್ರ ಅದು. ಎರಡು ವರ್ಷಕ್ಕೆ ಜ್ಯೂರಿಕ್‌ನಲ್ಲಿ ಅನಿಲ್ ಕುಮಾರ್, ಡೀಟರ್ ವೆಲ್ಟಿ, ರಿಚರ್ಡ್ ಅರ್ನ್‌ಸ್ಟ್ ಮೂವರೂ ಸೇರಿ ಫೂರಿಯೆ ರೂಪಾಂತರದಿಂದ ನೇರವಾಗಿ ಚಿತ್ರ ಪಡೆಯುವ ದಾರಿ ತೋರಿಸಿದರು. ಇಂದಿನ ಆಸ್ಪತ್ರೆಯ ಯಂತ್ರಗಳಲ್ಲಿ ಓಡುತ್ತಿರುವುದು ಆ ದಾರಿಯ ಮುಂದುವರಿಕೆಯೇ. ಆ ಅನಿಲ್ ಕುಮಾರ್ ಆಮೇಲೆ ಬೆಂಗಳೂರಿಗೆ ಬಂದು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನೆಲೆಸಿ ಒಂದು ತಲೆಮಾರಿಗೆ ಪಾಠ ಹೇಳಿದರು. ಪ್ರೋಟೀನುಗಳ ಆಕಾರ ಬಿಡಿಸುವ ಎರಡು ಆಯಾಮದ ಪ್ರಯೋಗದ 1980ರ ಪ್ರಸಿದ್ಧ ಲೇಖನದಲ್ಲೂ ಅರ್ನ್‌ಸ್ಟ್ ಮತ್ತು ಕುರ್ಟ್ ವ್ಯೂಟ್ರಿಕ್ ಜೊತೆ ಅವರ ಹೆಸರಿದೆ. ಅರ್ನ್‌ಸ್ಟ್‌ಗೆ 1991ರಲ್ಲಿ, ವ್ಯೂಟ್ರಿಕ್‌ಗೆ 2002ರಲ್ಲಿ, ಲಾಟರ್‌ಬರ್ ಮತ್ತು ಪೀಟರ್ ಮ್ಯಾನ್ಸ್‌ಫೀಲ್ಡ್‌ಗೆ 2003ರಲ್ಲಿ ನೊಬೆಲ್ ಬಂತು. ಅನಿಲ್ ಕುಮಾರ್ ಅವರಿಗೆ ಬರಲಿಲ್ಲ. ಅವರ ಕೆಲಸ ಮಾತ್ರ ನಿಲ್ಲಲಿಲ್ಲ, ಮುಂದೆ ಇದೇ ವಿದ್ಯೆಯಿಂದ ಕ್ವಾಂಟಮ್ ಗಣನೆಯ ಪ್ರಯೋಗಗಳಿಗೂ ಕೈಹಾಕಿದರು. ಪ್ರಶಸ್ತಿ ನಿಮ್ಮ ಕೈಯಲ್ಲಿಲ್ಲ, ಕೆಲಸ ಇದೆ.

ತಿರಸ್ಕಾರಕ್ಕೂ ಅಷ್ಟೇ, ಮೈ ಗಟ್ಟಿ ಮಾಡಿಕೊಳ್ಳಿ. ಲಾಟರ್‌ಬರ್ ಅವರ ಲೇಖನವನ್ನು ನೇಚರ್ ಪತ್ರಿಕೆ ಮೊದಲು ಬೇಡ ಎಂದಿತ್ತು, ಅವರು ಬಿಡದೆ ಮತ್ತೆ ಬರೆದು ಒಪ್ಪಿಸಿದರು. ಅರ್ನ್‌ಸ್ಟ್ ಮತ್ತು ವೆಸ್ಟನ್ ಆ್ಯಂಡರ್ಸನ್ ಬರೆದ ಫೂರಿಯೆ ಎನ್‌ಎಂಆರ್ ಲೇಖನವನ್ನು ಒಂದು ಪತ್ರಿಕೆ ಎರಡು ಸಲ ವಾಪಸು ಕಳಿಸಿತು, 1966ರಲ್ಲಿ ಅದು ಬೇರೆ ಪತ್ರಿಕೆಯಲ್ಲಿ ಬಂತು. ವಾಪಸು ಬಂದ ಲೇಖನದಲ್ಲಿ ವಿಮರ್ಶಕರು ಹೇಳಿದ್ದರಲ್ಲಿ ನಿಜವೆಷ್ಟು ಎಂದು ಸಾವಧಾನವಾಗಿ ಓದಿ, ತಿದ್ದಿ, ಮತ್ತೆ ಕಳಿಸಿ. ಮುನಿಸಿಕೊಂಡು ಕೂತರೆ ನಷ್ಟ ನಿಮಗೇ.

ಇನ್ನು ಕಾಂತದ ಮರ್ಯಾದೆ. ಸಾಮಾನ್ಯವಾಗಿ ಎಂಆರ್‌ಐ ಕಾಂತದ ತಂತಿಸುರುಳಿ ಮೈನಸ್ 269 ಡಿಗ್ರಿಯ ದ್ರವ ಹೀಲಿಯಂನಲ್ಲಿ ಮುಳುಗಿರುತ್ತದೆ. ಆ ಚಳಿಯಲ್ಲಿ ಸುರುಳಿಯ ವಿದ್ಯುತ್ತು ತಡೆಯಿಲ್ಲದೆ ಸುತ್ತುತ್ತಲೇ ಇರುವುದರಿಂದ, ಸ್ಕ್ಯಾನ್ ಮುಗಿದು ದೀಪ ಆರಿದರೂ, ಕರೆಂಟು ಹೋದರೂ ಕಾಂತ ಎಚ್ಚರವಾಗಿಯೇ ಇರುತ್ತದೆ. 2018ರ ಜನವರಿಯಲ್ಲಿ ಮುಂಬೈನ ಆಸ್ಪತ್ರೆಯೊಂದರಲ್ಲಿ ಆಮ್ಲಜನಕದ ಸಿಲಿಂಡರ್ ಹಿಡಿದು ಒಳಗೆ ಹೋದ ಯುವಕನೊಬ್ಬ ಪ್ರಾಣ ಕಳೆದುಕೊಂಡ. ನೀವು ಎಷ್ಟೇ ದೊಡ್ಡ ವಿಜ್ಞಾನಿಯಾದರೂ ಬಾಗಿಲಲ್ಲಿ ತಂತ್ರಜ್ಞರು ಜೇಬು ಖಾಲಿ ಮಾಡಿ ಎಂದರೆ ಮರುಮಾತಿಲ್ಲದೆ ಮಾಡಿ. ಅವರಿಂದ ಕಲಿಯುವುದೂ ಬೇಕಾದಷ್ಟಿದೆ. ಹೀಲಿಯಂ ಎಷ್ಟು ಉಳಿದಿದೆ, ಸುರುಳಿ ಯಾಕೆ ಕೆಮ್ಮುತ್ತಿದೆ, ಹೆದರಿದ ಅಜ್ಜಿಯನ್ನು ಹೇಗೆ ಒಳಗೆ ಮಲಗಿಸಬೇಕು ಎಂಬುದು ಯಾವ ಪುಸ್ತಕದಲ್ಲೂ ಪೂರ್ತಿ ಸಿಗುವುದಿಲ್ಲ.

ದುಡ್ಡಿನ ಮಾತನ್ನೂ ಆಡಿಬಿಡೋಣ, ಮನೆಯಲ್ಲಿ ಅದೇ ಮೊದಲು ಬರುವುದು. ಎಂಎಸ್ಸಿ ಆದ ಮೇಲೆ ಪಿಎಚ್‌ಡಿಗೆ ಐದು ವರ್ಷ ಅಂತ ಇಟ್ಟುಕೊಳ್ಳಿ. ಸಿಎಸ್‌ಐಆರ್-ಯುಜಿಸಿ ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ ಶಿಷ್ಯವೇತನ ಸಿಕ್ಕರೆ 2023ರಿಂದ ಮೊದಲ ಎರಡು ವರ್ಷ ತಿಂಗಳಿಗೆ 37,000, ಆಮೇಲೆ 42,000 ರೂಪಾಯಿ. ನರಸಾಪುರದ ಕಾರ್ಖಾನೆಯ ಗೆಳೆಯ ಇಪ್ಪತ್ತೆರಡಕ್ಕೇ ಸಂಬಳ ಎಣಿಸುತ್ತಿರುತ್ತಾನೆ, ನೀವು ಮೂವತ್ತರ ಹತ್ತಿರವೂ ವಿದ್ಯಾರ್ಥಿಯಾಗಿರುತ್ತೀರಿ. ಅಪ್ಪ ಅಮ್ಮನಿಗೆ ಇದನ್ನು ಮುಚ್ಚಿಡಬೇಡಿ, ಅಂಕಿಅಂಶ ಸಮೇತ ಕೂತು ಹೇಳಿ. ಹೆಣ್ಣುಮಕ್ಕಳ ಮನೆಯವರಿಗೂ ಒಂದು ಮಾತು: ಮದುವೆಗೂ ಪಿಎಚ್‌ಡಿಗೂ ಜಗಳ ಹಚ್ಚಬೇಡಿ.

ಕನ್ನಡ ಮೀಡಿಯಂ ಎಂಬ ಅಳುಕು ಬೇಡ. ಹಿಂದಿನ ಕೋಲಾರ ಜಿಲ್ಲೆಯ ಗೌರಿಬಿದನೂರಿನ ಹೊಸೂರಿನಿಂದ ಓದುವ ಆಸೆಗೆ ಬೆಂಗಳೂರಿಗೆ ನಡೆದೇ ಹೋದ ಹುಡುಗ ಮುಂದೆ ಅಮೆರಿಕದ ಓಹಿಯೊದಲ್ಲಿ ಪರಮಾಣು ಭೌತವಿಜ್ಞಾನದ ಡಾಕ್ಟರೇಟ್ ಪಡೆದು ಬಂದರು. ಅವರೇ ಎಚ್. ನರಸಿಂಹಯ್ಯ. ಬಂದವರು ನ್ಯಾಷನಲ್ ಕಾಲೇಜಿನಲ್ಲಿ 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು, ದೊಡ್ಡ ದೊಡ್ಡ ವಿಜ್ಞಾನಿಗಳ ಮಾತನ್ನು ಯಾರು ಬೇಕಾದರೂ ಪುಕ್ಕಟೆ ಕೇಳುವ ಹಾಗೆ ಮಾಡಿದರು. ಇಂಗ್ಲಿಷು ಕಲಿಯಿರಿ, ಬೇಕೇ ಬೇಕು. ಆದರೆ ವಿಷಯವನ್ನು ಕನ್ನಡದಲ್ಲಿ ಯೋಚಿಸಲು ಬಂದವರಿಗೆ ಇಂಗ್ಲಿಷಿನಲ್ಲಿ ಬರೆಯುವುದು ಅಭ್ಯಾಸದ ಮಾತು ಅಷ್ಟೆ.

ಯಂತ್ರ ಸಿಗುವವರೆಗೂ ಕೈಕಟ್ಟಿ ಕೂರಬೇಕಿಲ್ಲ. ಬೆಂಗಳೂರಿನಲ್ಲಿ ಕೆಲಸ ಮಾಡಿದ ಸಾಯಿರಾಂ ಗೀತನಾಥ್ ಅವರ ತಂಡ 2019ರಲ್ಲಿ ಪೈಪಲ್ಸೆಕ್ ಎಂಬ ತಂತ್ರಾಂಶ ಪ್ರಕಟಿಸಿತು. ಪೈಥಾನ್ ಬಂದರೆ ಸಾಕು, ಎಂಆರ್‌ಐ ಯಂತ್ರಕ್ಕೆ ಕೊಡಬೇಕಾದ ಆಜ್ಞೆಗಳ ಸರಣಿಯನ್ನು ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಬರೆಯಬಹುದು, ದುಡ್ಡು ಕೊಡಬೇಕಾಗಿಲ್ಲ. ಬಂಗಾರಪೇಟೆಯಿಂದ ಬೆಂಗಳೂರಿಗೆ ರೈಲಿನಲ್ಲಿ ಹೋಗಿಬರುವ ಹೊತ್ತಿನಲ್ಲಿ ಕಲಿಯಲಿಕ್ಕೆ ಇದು ತಕ್ಕ ವಿದ್ಯೆ. ಯಂತ್ರ ಕಟ್ಟುವುದರಲ್ಲಿ ಆಸಕ್ತಿಯಿದ್ದವರಿಗೆ, ಬೆಂಗಳೂರಿನ ವಾಕ್ಸೆಲ್‌ಗ್ರಿಡ್ಸ್ ಕಂಪನಿ ದೇಶದಲ್ಲೇ 1.5 ಟೆಸ್ಲಾ ಎಂಆರ್‌ಐ ರೂಪಿಸಿದ್ದು ಗೊತ್ತಿರಲಿ. ವೈದ್ಯಕೀಯದ ಕಡೆ ನಿಮ್ಹಾನ್ಸ್ ಇದೆ, ಅಣುಗಳ ಕಡೆ ಭಾರತೀಯ ವಿಜ್ಞಾನ ಸಂಸ್ಥೆಯ ಎನ್‌ಎಂಆರ್ ಸಂಶೋಧನಾ ಕೇಂದ್ರವಿದೆ. ಒಂದು ಕಡೆ ಹಿಡಿದವರು ಅಲ್ಲೇ ಉಳಿಯಬೇಕೆಂದೇನಿಲ್ಲ. ಬೆಂಗಳೂರಿನಲ್ಲಿ ದ್ರವ ಹರಳುಗಳ ರೋಹಿತ ಓದುತ್ತಿದ್ದ ಸಿ. ಎಲ್. ಖೇತ್ರಪಾಲ್ ಮುಂದೆ ಲಖನೌದಲ್ಲಿ ವೈದ್ಯಕೀಯ ಕಾಂತೀಯ ಅನುರಣನ ಕೇಂದ್ರವನ್ನೇ ಕಟ್ಟಿದರು.

ಈಗ ಪ್ರಶ್ನೆಯ ವಿಷಯ. ಅದನ್ನು ಹುಡುಕಲು ದೂರ ಹೋಗಬೇಕಾಗಿಲ್ಲ, ನಿಮ್ಮ ಊರಿನ ಬೋರ್‌ವೆಲ್ ನೋಡಿ. ಸಾವಿರ ಅಡಿ ದಾಟಿದ ಬಾವಿಯ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿ ಮೀರಿರುವ ಹಳ್ಳಿಗಳು ನಮ್ಮ ಜಿಲ್ಲೆಯಲ್ಲಿ ಎಷ್ಟಿಲ್ಲ? ಮಕ್ಕಳ ಹಲ್ಲು ಕಂದುಗಟ್ಟುವುದು ಕಣ್ಣಿಗೆ ಕಾಣುತ್ತದೆ. ಬೆನ್ನುಮೂಳೆಯ ಕಟ್ಟುಗಳು ಗಟ್ಟಿಯಾಗಿ ಹುರಿಯನ್ನು ಅದುಮುವುದು ಎಂಆರ್‌ಐನಲ್ಲಿ ಕಾಣುತ್ತದೆ. ಮೂಳೆಯ ಹರಳಿನಲ್ಲಿ ಹೈಡ್ರಾಕ್ಸಿಲ್ ಇದ್ದ ಜಾಗಕ್ಕೆ ಫ್ಲೋರೈಡ್ ಬಂದು ಕೂರುವುದು ಮಾತ್ರ ಅದರಲ್ಲಿ ಕಾಣುವುದಿಲ್ಲ. ಹಾಗೆಂದು ಫ್ಲೋರಿನ್ ಮೂಕನೇನಲ್ಲ. ಪ್ರಕೃತಿಯಲ್ಲಿರುವ ಎಲ್ಲ ಫ್ಲೋರಿನ್ನೂ ಒಂದೇ ಸಮಸ್ಥಾನಿ, 1 ಟೆಸ್ಲಾಕ್ಕೆ 40 ಮೆಗಾಹರ್ಟ್ಸ್‌ನಲ್ಲಿ ಪ್ರೋಟಾನಿನಷ್ಟೇ ಜೋರಾಗಿ ಎನ್ನುವ ಹಾಗೆ ಓಗೊಡುತ್ತದೆ. ಆದರೆ ಗಟ್ಟಿ ಮೂಳೆಯಲ್ಲಿ ಆ ಸದ್ದು ಒಂದು ಮಿಲಿಸೆಕೆಂಡೂ ಬಾಳುವುದಿಲ್ಲ. ಪ್ರಯೋಗಾಲಯದಲ್ಲಿ ಮೂಳೆಯ ಪುಡಿಯನ್ನು 54.7 ಡಿಗ್ರಿ ಓರೆಯಾಗಿ ಸೆಕೆಂಡಿಗೆ ಸಾವಿರಾರು ಸುತ್ತು ತಿರುಗಿಸಿ ಅದನ್ನು ಕೇಳಬಹುದು. ಬದುಕಿರುವ ಮನುಷ್ಯನ ಮೊಣಕಾಲಿನಲ್ಲಿ ಕೇಳುವುದು ಹೇಗೆ? ನೋವು ಬರುವ ಮೊದಲೇ ಮೂಳೆಯೊಳಗಿನ ಬದಲಾವಣೆ ಹೇಳಲು ಆಗುತ್ತದೆಯೇ? ನೀರು ಬದಲಾಯಿಸಿದ ಊರಿನಲ್ಲಿ ಆ ಬದಲಾವಣೆ ನಿಲ್ಲುತ್ತದೆಯೇ? ಶ್ರೀನಿವಾಸಪುರದವರಿಗೆ ಇನ್ನೊಂದು: ಹೊರಗೆ ಚೆನ್ನಾಗಿ ಕಾಣುವ ಬಾದಾಮಿ ಮಾವಿನ ತಿರುಳು ಒಳಗೆ ಕೆಟ್ಟಿರುವುದನ್ನು ಮಂಡಿಯಲ್ಲಿ ಕುಯ್ಯದೆ ಹೇಳುವ ಅಗ್ಗದ ಸಣ್ಣ ಕಾಂತ ಮಾಡಬಹುದೇ?

ಇವು ನನ್ನ ಪ್ರಶ್ನೆಗಳು. ಬೇಕಾದರೆ ಎತ್ತಿಕೊಳ್ಳಿ, ಬೇಡವಾದರೆ ನಿಮ್ಮದೇ ಹುಡುಕಿಕೊಳ್ಳಿ. ಒಂದು ಹಾಳೆ ತೆಗೆದುಕೊಂಡು ಪ್ರಶ್ನೆಯನ್ನು ಎರಡು ಸಾಲಿನಲ್ಲಿ ಬರೆಯಿರಿ. ಅದರ ಕೆಳಗೆ ಏನನ್ನು ಅಳೆಯಬೇಕು, ಸಂಕೇತ ಎಷ್ಟು, ಗದ್ದಲ ಎಷ್ಟು, ಎಷ್ಟು ಹೊತ್ತು ಬೇಕು ಎಂದು ಲೆಕ್ಕ ಹಾಕಿ. ಆ ಹಾಳೆಯನ್ನು ಅರ್ಜಿಯ ಜೊತೆ ಲಗತ್ತಿಸಿ. ಸಂದರ್ಶನದಲ್ಲಿ ಯಾವ ಯಂತ್ರ ಬೇಕು ಎಂದು ಅವರೇ ಕೇಳುತ್ತಾರೆ, ಆಗ ಹೇಳುವಿರಂತೆ.